ಗೆರೆ ನೋಡುವವರು ಯಾರು? ಪಿಕಲ್‌ಬಾಲ್ ಮತ್ತು ನಾಯಕತ್ವ: ಒಂದು ಸಂವಾದ

ಪಿಕಲ್‌ಬಾಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ನೆಟ್‌ನ ಎತ್ತರ ಬದಿಗಳಲ್ಲಿ 36 ಇಂಚು, ಮಧ್ಯದಲ್ಲಿ 34 ಇಂಚು. ಕೈಯಲ್ಲಿ ತಂತಿಯಿಲ್ಲದ ಗಟ್ಟಿ ಪ್ಯಾಡಲ್, ಆಡುವುದು ತೂತುಗಳಿರುವ ಪ್ಲಾಸ್ಟಿಕ್ ಚೆಂಡಿನಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ನಗರದ ಎದುರಿಗಿರುವ ಬೇನ್‌ಬ್ರಿಜ್ ದ್ವೀಪದಲ್ಲಿ 1965ರಲ್ಲಿ ಹುಟ್ಟಿದ ಈ ಆಟವನ್ನು ಆ ರಾಜ್ಯ 2022ರಲ್ಲಿ ತನ್ನ ಅಧಿಕೃತ ಕ್ರೀಡೆಯೆಂದು ಘೋಷಿಸಿತು. ಅಮೆರಿಕದ ಕ್ರೀಡಾ ಉದ್ಯಮ ಸಂಘದ ಲೆಕ್ಕದ ಪ್ರಕಾರ 2024ರಲ್ಲಿ ಆ ದೇಶದಲ್ಲಿ ಇದನ್ನು ಆಡಿದವರು ಸುಮಾರು 1.98 ಕೋಟಿ. ಭಾರತದಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ 2025ರಲ್ಲಿ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಮಾನ್ಯತೆ ಕೊಟ್ಟಿದೆ.

ಆಟ ಹರಡಿದಂತೆ ಕಂಪನಿಗಳೂ ಅದನ್ನು ಹಿಡಿದುಕೊಂಡವು. ತಂಡ ಕಟ್ಟಲು, ಮುಂದಾಳುಗಳನ್ನು ಬೆಳೆಸಲು ಪಿಕಲ್‌ಬಾಲ್ ನೆರವಾಗುತ್ತದೆ ಎಂಬ ಮಾತು ಈಗ ಸಾಮಾನ್ಯ. ಈ ಮಾತನ್ನು ಎರಡು ಕಡೆಯಿಂದಲೂ ಜಗ್ಗಿ ನೋಡಬೇಕಾಗಿದೆ. ಇಲ್ಲಿ ಮಾತನಾಡುವವರು ಇಬ್ಬರು. ಹಿರಿಯರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ಸೇರಿ ಘಟಕದ ಮುಖ್ಯಸ್ಥರಾಗಿ ನಿವೃತ್ತರಾದವರು; ಕಾರ್ಖಾನೆಯ ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿ ಆಡಿದವರು. ಕಿರಿಯಳು ಅವರ ತಮ್ಮನ ಮಗಳು. ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ತಂಡವೊಂದನ್ನು ನಡೆಸುವವಳು. ಆ ಊರಿನ ಪಾರ್ಕಿನ ಕೋರ್ಟಿನ ಬದಿಯ ಬೆಂಚಿನಲ್ಲಿ ಮಾತು ಸಾಗಿದೆ.

ಕಿರಿಯಳು: ಈ ಆಟ ಹುಟ್ಟಿದ ರೀತಿಯೇ ಒಂದು ಪಾಠ, ದೊಡ್ಡಪ್ಪ. ಜೋಯಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಅಂತ ಇಬ್ಬರು ಗೆಳೆಯರು ಗಾಲ್ಫ್ ಮುಗಿಸಿಕೊಂಡು ಮನೆಗೆ ಬಂದರೆ ಮಕ್ಕಳು, ಮನೆಯವರೆಲ್ಲ ಮಾಡೋಕೆ ಏನೂ ಇಲ್ಲದೆ ಬೇಸತ್ತು ಕೂತಿದ್ದರು. ಹಿತ್ತಲಲ್ಲಿ ಹಳೆಯ ಬ್ಯಾಡ್ಮಿಂಟನ್ ಕೋರ್ಟ್ ಇತ್ತು, ಸಾಮಾನು ಪೂರ್ತಿ ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಕೈಗೆ ಕೊಟ್ಟರು. ನೆಟ್ ಮೊದಲು 60 ಇಂಚಿಗೆ ಇತ್ತು. ಚೆಂಡು ನೆಲದಿಂದ ಚೆನ್ನಾಗಿ ಪುಟಿಯುತ್ತೆ ಅಂತ ಕಂಡಮೇಲೆ 36ಕ್ಕೆ ಇಳಿಸಿದರು. ಮುಂದಿನ ವಾರ ಬಾರ್ನಿ ಮೆಕಲಮ್ ಸೇರಿಕೊಂಡರು. ಮೂವರೂ ಕೂತು ಮನೆಮಂದಿಯೆಲ್ಲ ಒಟ್ಟಿಗೆ ಆಡುವಂಥ ನಿಯಮ ಮಾಡಿದರು. ಆಡೋರನ್ನು ನೋಡಿ ಆಟ ಬದಲಾಯಿಸಿದರಲ್ಲ, ಅದು ನಾಯಕತ್ವ ಅಲ್ಲವಾ?

ಹಿರಿಯರು: ಅದು ಒಳ್ಳೆಯ ಗುಣ, ಅನುಮಾನವಿಲ್ಲ. ಆದರೆ ಪ್ರಿಚರ್ಡ್ ಆಗ ಏನು ಕೆಲಸದಲ್ಲಿದ್ದರು ಹೇಳು.

ಕಿರಿಯಳು: ರಾಜಕೀಯದಲ್ಲಿದ್ದರು. ರಾಜ್ಯದ ಶಾಸನಸಭೆಯ ಸದಸ್ಯರು. ಆಮೇಲೆ 1973ರಿಂದ 1985ರವರೆಗೆ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿದ್ದರು, ಕೊನೆಗೆ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆದರು.

ಹಿರಿಯರು: ನೋಡು ಹಾಗಾದರೆ. ಜನ ಏನು ಬಯಸ್ತಾರೆ, ಯಾರನ್ನು ಹೇಗೆ ಒಟ್ಟಿಗೆ ಕೂರಿಸಬೇಕು ಅನ್ನೋದನ್ನು ಕಲಿತುಕೊಂಡವರೇ ಹಿತ್ತಲಿಗೆ ಬಂದು ಆಟ ಮಾಡಿದರು. ಆಟ ಅವರಿಗೆ ಕಲಿಸಲಿಲ್ಲ, ಅವರೇ ಆಟಕ್ಕೆ ಕಲಿಸಿದ್ದು. ನನ್ನ ತಕರಾರೇ ಅದು. ಕೋರ್ಟಿನಲ್ಲಿ ಚೆನ್ನಾಗಿ ನಡೆದುಕೊಳ್ಳುವವನು ಹೊರಗೂ ಚೆನ್ನಾಗಿ ನಡೆದುಕೊಂಡರೆ, ಆಟದಿಂದ ಗುಣ ಬಂತೋ, ಗುಣ ಇದ್ದದ್ದು ಆಟದಲ್ಲಿ ಕಂಡಿತೋ ಹೇಗೆ ಹೇಳ್ತೀಯಾ?

ಕಿರಿಯಳು: ಖಂಡಿತವಾಗಿ ಹೇಳೋಕೆ ಆಗಲ್ಲ. ಆದರೆ ಗುಣ ಅನ್ನೋದು ಅಭ್ಯಾಸದಿಂದ ಗಟ್ಟಿಯಾಗುತ್ತೆ ಅನ್ನೋದನ್ನಾದರೂ ಒಪ್ಪಿ. ಈ ಆಟ ಅಭ್ಯಾಸ ಮಾಡಿಸೋದು ತುಂಬ ಕಷ್ಟದ ಒಂದು ವಿಷಯವನ್ನು. ಕಿಚನ್ ಗೆರೆ ನೋಡಿ.

ನೆಟ್‌ನ ಎರಡೂ ಬದಿಗೆ ಏಳೇಳು ಅಡಿಯ ಪಟ್ಟಿಯೊಂದಿದೆ. ಆಟಗಾರರ ಬಾಯಲ್ಲಿ ಅದು ಕಿಚನ್. ಅದರೊಳಗೆ ಅಥವಾ ಅದರ ಗೆರೆಯ ಮೇಲೆ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವಂತಿಲ್ಲ, ಅಂದರೆ ವಾಲಿ ಮಾಡುವಂತಿಲ್ಲ. ಚೆಂಡು ಪುಟಿದ ಮೇಲೆ ಒಳಗೆ ಹೋಗಿ ಹೊಡೆಯಬಹುದು. ನಿಯಮ ಇಷ್ಟಕ್ಕೇ ನಿಲ್ಲುವುದಿಲ್ಲ. ಹೊರಗೆ ನಿಂತೇ ವಾಲಿ ಹೊಡೆದರೂ, ಆ ಹೊಡೆತದ ರಭಸಕ್ಕೆ ದೇಹ ವಾಲಿ ಕಾಲು ಗೆರೆ ಮುಟ್ಟಿದರೆ ಅದು ಫಾಲ್ಟ್. ಚೆಂಡು ಎದುರಿನವರ ಕಡೆ ಸತ್ತು ಬಿದ್ದ ಮೇಲೆ ಮುಟ್ಟಿದರೂ ಫಾಲ್ಟೇ. ಆ ಹೊತ್ತಿನಲ್ಲಿ ಎಲ್ಲರ ಕಣ್ಣು ಚೆಂಡಿನ ಮೇಲಿರುತ್ತದೆ. ಎದುರಾಳಿ ಎದೆಯೆತ್ತರಕ್ಕೆ ಚೆಂಡು ಎತ್ತಿಕೊಟ್ಟಿದ್ದಾನೆ, ಮುಂದೆ ಬಗ್ಗಿ ಬಾರಿಸಿದ್ದಾಯಿತು, ಪಾಯಿಂಟ್ ಬಂತೆಂದು ಜತೆಗಾರ ಪ್ಯಾಡಲ್ ಎತ್ತಿದ್ದಾನೆ. ಬಲಗಾಲ ಹೆಬ್ಬೆರಳು ಮಾತ್ರ ಶೂ ಒಳಗಿನಿಂದಲೇ ಗೆರೆಯ ಬಣ್ಣದ ಅಂಚನ್ನು ತಾಕಿದೆ. ಅದು ತಿಳಿದಿರುವುದು ಹೊಡೆದವನಿಗೆ ಮಾತ್ರ.

ಕಿರಿಯಳು: ಪಾರ್ಕಿನ ಆಟದಲ್ಲಿ ರೆಫರಿ ಇರಲ್ಲ. ತನ್ನ ಫಾಲ್ಟನ್ನು ಆಟಗಾರ ತಾನೇ ಕೂಗಬೇಕು, ಕೂಗ್ತಾರೆ ಕೂಡ. ಪಾಯಿಂಟ್ ಗೆದ್ದ ಸಂತೋಷದಲ್ಲೇ ನಿಂತು 'ನನ್ನ ಕಾಲು ಕಿಚನ್ನಿನಲ್ಲಿತ್ತು' ಅನ್ನಬೇಕು. ಒಂದು ಬೆಳಗಿನ ಆಟದಲ್ಲಿ ಇಂಥದ್ದು ಎಷ್ಟೋ ಸಲ ಬರುತ್ತೆ. ತಪ್ಪು ಒಪ್ಪಿಕೊಳ್ಳೋದರ ಬಗ್ಗೆ ಉಪನ್ಯಾಸ ಕೇಳೋದು ಬೇರೆ, ನಾಲಗೆಗೆ ಅದರ ರೂಢಿ ಬೀಳೋದು ಬೇರೆ.

ಹಿರಿಯರು: ರೂಢಿ ಬೀಳೋದು ಸುಲಭ ಯಾಕೆ ಅಂದರೆ ಕೊಡಬೇಕಾದ ಬೆಲೆ ಕಡಿಮೆ. ಒಂದು ಪಾಯಿಂಟ್ ಹೋಗುತ್ತೆ, ಅಥವಾ ಸರ್ವ್ ಹೋಗುತ್ತೆ. ಹನ್ನೊಂದಕ್ಕೆ ಆಟ ಮುಗಿಯುತ್ತೆ, ಮತ್ತೆ ಸೊನ್ನೆಯಿಂದ ಶುರು. ನಮ್ಮಲ್ಲಿ ಒಬ್ಬ ಶಿಫ್ಟ್ ಸೂಪರ್‌ವೈಸರ್ ತನ್ನ ಲೆಕ್ಕ ತಪ್ಪಿ ಒಂದು ಲಾಟ್ ಮಾಲು ಪೂರ್ತಿ ಹಾಳಾಯಿತು ಅಂತ ಒಪ್ಪಿಕೊಂಡರೆ ಅವನ ಮೇಲೆ ಮೆಮೋ ಬರುತ್ತೆ, ಇನ್‌ಕ್ರಿಮೆಂಟ್ ನಿಲ್ಲುತ್ತೆ, ಹತ್ತು ವರ್ಷ ಅದೇ ಮಾತು ಅವನ ಫೈಲಿನಲ್ಲಿ ಕೂತಿರುತ್ತೆ. ಅವನು ಬಾಯಿ ಬಿಡದಿದ್ದರೆ ಅಭ್ಯಾಸ ಸಾಲದು ಅಂತಲ್ಲ, ಭಯ ಹೆಚ್ಚು ಅಂತ.

ಕಿರಿಯಳು: ಬೆಲೆ ಕಡಿಮೆ ಇರೋ ಕಡೆಯೇ ಅಲ್ಲವಾ ಮೊದಲು ಕಲಿಯೋದು? ನೀವು ಹೊಸಬರ ಕೈಗೆ ಮೊದಲ ದಿನವೇ ದೊಡ್ಡ ಮೆಷಿನ್ ಕೊಡ್ತಿದ್ದಿರಾ?

ಹಿರಿಯರು: ಕೊಡ್ತಿರಲಿಲ್ಲ. ಆದರೆ ಚಿಕ್ಕ ಮೆಷಿನ್ನೂ ಅದೇ ಜಾತಿಯ ಮೆಷಿನ್ನೇ ಆಗಿರ್ತಿತ್ತು. ಇಲ್ಲಿ ನಾಲ್ಕು ಜನವೂ ಸಮಾನರು. ನಾಯಕತ್ವದ ಕಷ್ಟ ಶುರುವಾಗೋದೇ ಒಬ್ಬನ ಕೈಯಲ್ಲಿ ಇನ್ನೊಬ್ಬನ ಸಂಬಳ ಇದ್ದಾಗ. ನಿಮ್ಮ ಕಂಪನಿಯವರು ಮ್ಯಾನೇಜರನ್ನೂ ಅವನ ಕೈಕೆಳಗಿನವರನ್ನೂ ಒಂದೇ ಕೋರ್ಟಿಗೆ ಇಳಿಸಿದರೆ ಏನಾಗುತ್ತೆ? ಎದುರಾಳಿಯ ಕಿಚನ್ ಫಾಲ್ಟನ್ನು ಎದುರಿನವರೂ ಕೂಗಬಹುದಲ್ಲ, ಬಾಸ್ ಕಾಲು ಗೆರೆ ಮುಟ್ಟಿದ್ದನ್ನು ಹೊಸದಾಗಿ ಸೇರಿದ ಹುಡುಗ ಕೂಗ್ತಾನಾ?

ಕಿರಿಯಳು: ಮೊದಲ ದಿನ ಕೂಗಲ್ಲ, ನಿಜ.

ಹಿರಿಯರು: ಎರಡನೇ ದಿನವೂ ಇಲ್ಲ. ಅಲ್ಲಿ ಹುಡುಗ ಕಲಿಯೋದು ಮೌನವಾಗಿರೋದನ್ನ. ಆಫೀಸಿನಲ್ಲಿ ಕಲಿತಿದ್ದೇ ಕೋರ್ಟಿನಲ್ಲೂ ಗಟ್ಟಿಯಾಯಿತು. ಬಾಸ್‌ಗೆ ಮಾತ್ರ ತಾನು ಎಲ್ಲರ ಜತೆ ಬೆರೆತೆ ಅನ್ನೋ ಸಮಾಧಾನ.

ಗೆರೆ ನೋಡುವ ನಿಯಮದಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ರೆಫರಿಯಿಲ್ಲದ ಆಟದಲ್ಲಿ ತಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ತೀರ್ಮಾನಿಸುವವರು ಆ ಕಡೆಯವರೇ. ಗೆದ್ದರೆ ಲಾಭ ಯಾರಿಗೋ ತೀರ್ಪೂ ಅವರದೇ. ಆ ಅಧಿಕಾರಕ್ಕೆ ನಿಯಮ ಕಟ್ಟಳೆಯನ್ನೂ ಹಾಕಿದೆ: ಹೊರಗೆಂದು ಖಚಿತವಾಗಿ ಕಾಣದ ಚೆಂಡು ಒಳಗೆ. ಜತೆಗಾರರಲ್ಲಿ ಒಬ್ಬರು ಔಟ್ ಎಂದು ಇನ್ನೊಬ್ಬರು ಅಲ್ಲವೆಂದರೆ ಅಲ್ಲಿ ಅನುಮಾನ ಹುಟ್ಟಿತೆಂದೇ ಅರ್ಥ, ಚೆಂಡು ಒಳಗೆ. ಅನುಮಾನದ ಲಾಭ ಎದುರಾಳಿಗೆ. ನೋಡಲು ಬಂದವರನ್ನು ಕೇಳುವಂತಿಲ್ಲ.

ಕಿರಿಯಳು: ನನಗೆ ಈ ಆಟದಲ್ಲಿ ಅತಿ ದೊಡ್ಡದು ಅನ್ನಿಸೋದು ಇದೇ. ನಾಯಕನಾದವನು ದಿನವೂ ತನಗೆ ಲಾಭ ಇರುವ ವಿಷಯದಲ್ಲೇ ತೀರ್ಪು ಕೊಡಬೇಕಾಗುತ್ತೆ. ಪ್ರಾಜೆಕ್ಟ್ ತಡವಾಯಿತು, ತಪ್ಪು ನನ್ನ ಯೋಜನೆಯದೋ ತಂಡದ ಕೆಲಸದ್ದೋ? ಅಲ್ಲೂ ರೆಫರಿ ಇರಲ್ಲ. ಅನುಮಾನ ಇದ್ದರೆ ಎದುರಿನವರ ಪರ ಅನ್ನೋ ನಿಯಮ ತಲೆಯಲ್ಲಿ ಕೂತುಬಿಟ್ಟರೆ ಎಷ್ಟು ಅನ್ಯಾಯ ತಪ್ಪುತ್ತೆ ಯೋಚಿಸಿ. ಇನ್ನೊಂದು ಸೂಕ್ಷ್ಮ ಇದೆ. ಜತೆಗಾರ ಅಲ್ಲ ಅಂದರೆ ನನ್ನ ತೀರ್ಪು ಬಿದ್ದುಹೋಗುತ್ತೆ. ನನ್ನ ಕಡೆಯವನೇ ನನ್ನನ್ನು ತಿದ್ದಬಹುದು, ಅದರಿಂದ ನಮಗೇ ನಷ್ಟ ಆದರೂ.

ಹಿರಿಯರು: ಆ ಜತೆಗಾರನ ನಿಯಮ ಚೆನ್ನಾಗಿದೆ. ನಮ್ಮ ಆಡಳಿತ ಮಂಡಳಿಗಳಲ್ಲಿ ಇದ್ದಿದ್ದರೆ ಒಳ್ಳೆಯದಿತ್ತು. ಆದರೆ ಅನುಮಾನದ ಲಾಭ ಎಲ್ಲ ಕಡೆ ಎದುರಾಳಿಗೆ ಕೊಡೋಕಾಗಲ್ಲ ಮಗಳೇ. ಬಾಯ್ಲರ್ ಪ್ರೆಷರ್ ಸರಿಯಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ನಿಲ್ಲಿಸಲೇಬೇಕು. ಅಲ್ಲಿ ಉದಾರವಾಗಿದ್ದರೆ ಜನ ಸಾಯ್ತಾರೆ. ಕಳ್ಳತನದ ವಿಚಾರಣೆಯಲ್ಲಿ ಅನುಮಾನದ ಲಾಭ ಕೆಲಸಗಾರನಿಗೆ, ಸುರಕ್ಷತೆಯಲ್ಲಿ ಯಾರಿಗೂ ಇಲ್ಲ. ಯಾವ ಸಂದರ್ಭಕ್ಕೆ ಯಾವ ನಿಯಮ ಅಂತ ಆರಿಸೋದೇ ನಾಯಕನ ಕೆಲಸ. ಆಟದಲ್ಲಿ ಆ ಆಯ್ಕೆಯನ್ನು ಮೊದಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಇಲ್ಲಿಂದ ಮಾತು ಜೋಡಿಯಾಟದ ಕಡೆ ಹೊರಳಿತು. ಪಿಕಲ್‌ಬಾಲ್ ಹೆಚ್ಚಾಗಿ ಆಡುವುದು ಡಬಲ್ಸ್. ಗೆಲ್ಲಬೇಕೆಂದಿರುವ ಜೋಡಿ ಎದುರಿನ ಇಬ್ಬರಲ್ಲಿ ದುರ್ಬಲರು ಯಾರೆಂದು ನಾಲ್ಕಾರು ಚೆಂಡಿನಲ್ಲೇ ಗುರುತಿಸಿ, ಉಳಿದ ಚೆಂಡುಗಳನ್ನೆಲ್ಲ ಅವರ ಕಡೆಗೇ ಕಳಿಸುತ್ತದೆ. ಆಗ ಬಲಿಷ್ಠನಾದ ಜತೆಗಾರ ಕೋರ್ಟಿನಲ್ಲಿದ್ದೂ ಚೆಂಡು ಸಿಗದೆ ನಿಂತಿರುತ್ತಾನೆ. ಜತೆಗಾರರ ಚೆಂಡಿಗೆ ಅಡ್ಡ ಹೋಗಿ ಹೊಡೆಯುವ ಆಸೆ ಅವನಿಗೆ ಹುಟ್ಟುತ್ತದೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಪಾಯಿಂಟ್ ಕೂಡ ಬರಬಹುದು.

ಕಿರಿಯಳು: ಅಲ್ಲೇ ಪರೀಕ್ಷೆ. ಎರಡು ಸಲ ಅಡ್ಡ ಹೋದರೆ ಮೂರನೇ ಸಲ ಜತೆಗಾರ ತನ್ನ ಚೆಂಡಿಗೂ ಕೈ ಎತ್ತಲ್ಲ, ಇವನೇ ಬರ್ತಾನೇನೋ ಅಂತ ಕಾಯ್ತಾನೆ. ಇಬ್ಬರ ನಡುವೆ ಚೆಂಡು ಹಾದುಹೋಗುತ್ತೆ. ಚೆನ್ನಾಗಿ ಆಡುವ ಜೋಡಿಗಳು ನಡುವೆ ಬರೋ ಚೆಂಡಿಗೆ ಒಂದೊಂದು ಮಾತು ಇಟ್ಟುಕೊಂಡಿರ್ತಾರೆ: 'ನಂದು', 'ನಿಂದು', 'ಬಿಡು'. ಒಂದೇ ಮಾತು, ಆದರೆ ಚೆಂಡು ನೆಟ್ ದಾಟೋ ಮೊದಲೇ ಬರಬೇಕು. ತಂಡದಲ್ಲಿ ಕೆಲಸ ಹಂಚೋದೂ ಹೀಗೇ ಇರಬೇಕು ಅಂತ ನನ್ನ ನಂಬಿಕೆ.

ಹಿರಿಯರು: ಇದನ್ನು ಒಪ್ತೀನಿ. ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ನಾವು ಐದು ಜನ ಇರ್ತಿದ್ದೆವು, ಯಾರ ಜಾಗ ಯಾವುದು ಅಂತ ಗೊತ್ತಿರ್ತಿತ್ತು. ಹಿಂದಿನವನ ಚೆಂಡಿಗೆ ಮುಂದಿನವನು ಕೈ ಹಾಕಿದರೆ ಆಟ ಕೆಡೋದು ಅಲ್ಲಿಂದಲೇ. ಆದರೂ ಒಂದು ವ್ಯತ್ಯಾಸ ಇದೆ. ಇಲ್ಲಿ ಜತೆಗಾರ ಸೋತರೆ ಬೇಸರ ಅಷ್ಟೇ. ಕೆಲಸದಲ್ಲಿ ದುರ್ಬಲನ ಕೈಲಿ ಚೆಂಡು ಬಿಟ್ಟು ಕಾಯ್ತಾ ನಿಂತರೆ ಅವನು ಕಲಿಯೋದರೊಳಗೆ ಗಿರಾಕಿ ಹೋಗಿರ್ತಾನೆ. ಎಷ್ಟು ಹೊತ್ತು ಕಾಯಬೇಕು, ಯಾವಾಗ ಅಡ್ಡ ಹೋಗಬೇಕು?

ಕಿರಿಯಳು: ಅದಕ್ಕೆ ಸೂತ್ರ ಇಲ್ಲ. ಆದರೆ ಕಾಯೋದು ಸುಮ್ಮನೆ ನಿಲ್ಲೋದಲ್ಲ. ಬಲಿಷ್ಠ ಜತೆಗಾರ ಜಾಗ ಬದಲಾಯಿಸಿ ನಿಂತು ಎದುರಾಳಿಗೆ ಹೊಡೆಯೋ ದಾರಿ ಕಡಿಮೆ ಮಾಡಬಹುದು. ಚೆಂಡು ಮುಟ್ಟದೆಯೇ ಜತೆಗಾರನ ಕೆಲಸ ಹಗುರ ಮಾಡಬಹುದು.

ಆಟದ ಆರಂಭವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಸರ್ವ್ ಮಾಡಿದ ಚೆಂಡು ಒಮ್ಮೆ ಪುಟಿಯಬೇಕು, ಅದಕ್ಕೆ ಬಂದ ಉತ್ತರವೂ ಒಮ್ಮೆ ಪುಟಿಯಬೇಕು; ಆಮೇಲಷ್ಟೇ ವಾಲಿ. ಇದರಿಂದ ಸರ್ವ್ ಮಾಡುವವರು ಹಿಂದೆಯೇ ಉಳಿಯುತ್ತಾರೆ, ಎದುರಿನವರು ನೆಟ್ ಹತ್ತಿರ ಬಂದು ನಿಂತಿರುತ್ತಾರೆ. ಹಳೆಯ ಲೆಕ್ಕದ ಪದ್ಧತಿಯಲ್ಲಿ ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್. ಆದರೂ ಪ್ರತಿ ಸರ್ವ್‌ನಲ್ಲಿ ಹಿನ್ನಡೆ ಅವರದೇ. ಆ ಹಿನ್ನಡೆಯಿಂದ ಹೊರಬರಲು ಮೂರನೇ ಹೊಡೆತವನ್ನು ಮೆತ್ತಗೆ, ಎದುರಿನವರ ಕಿಚನ್ನಿನೊಳಗೆ ಬೀಳುವಂತೆ ಇಳಿಸುತ್ತಾರೆ. ಅದು ಡ್ರಾಪ್. ಚೆಂಡು ಕೆಳಗೆ ಬಿದ್ದರೆ ಎದುರಿನವರು ಮೇಲಕ್ಕೆತ್ತಿಯೇ ಹೊಡೆಯಬೇಕು, ಅಷ್ಟರಲ್ಲಿ ಇವರು ಮುಂದೆ ಬರುತ್ತಾರೆ.

ಕಿರಿಯಳು: ಹೊಸಬರು ಮೂರನೇ ಚೆಂಡನ್ನು ಜೋರಾಗಿ ಬಾರಿಸ್ತಾರೆ, ಅದು ಎದುರಿನವರ ಪ್ಯಾಡಲ್‌ಗೇ ಹೋಗಿ ವಾಪಸ್ ಕಾಲಿಗೆ ಬಂದು ಬೀಳುತ್ತೆ. ಬಲ ಇದ್ದಾಗ ಅದನ್ನು ಬಳಸದೆ ಇರೋದನ್ನು ಈ ಹೊಡೆತ ಕಲಿಸುತ್ತೆ.

ಹಿರಿಯರು: ಈಗೀಗ ಚೆನ್ನಾಗಿ ಆಡುವವರು ಮೂರನೇ ಚೆಂಡನ್ನು ಬಾರಿಸೋದೂ ಉಂಟು ಅಂತ ನೀನೇ ಹೇಳಿದ್ದೆ. ಪ್ಯಾಡಲ್‌ಗಳು ಬದಲಾದವು, ಆಟ ಚುರುಕಾಯಿತು. ಹಾಗಾದರೆ ಈ ತಾಳ್ಮೆಯ ಪಾಠ ಪ್ಯಾಡಲ್ ಬದಲಾಗುವವರೆಗೆ ಮಾತ್ರವಾ?

ಕಿರಿಯಳು: ಬಾರಿಸೋರೂ ಸುಮ್ಮನೆ ಬಾರಿಸಲ್ಲ. ಬಂದ ಚೆಂಡು ಎಷ್ಟು ಎತ್ತರ, ಎದುರಿನವರು ಮುಂದೆ ಬಂದು ನಿಂತಿದ್ದಾರಾ ಅಂತ ನೋಡಿ ಹೊಡೀತಾರೆ. ಒಂದೇ ಉತ್ತರ ಹಿಡಿದು ಕೂರದಿರೋದೂ ಕಲಿಯೋ ವಿಷಯವೇ.

ಹಿರಿಯರು: ಡ್ರಾಪ್ ಮಾಡಿದರೆ ತಾಳ್ಮೆ, ಬಾರಿಸಿದರೆ ಸಮಯಪ್ರಜ್ಞೆ. ಏನು ಮಾಡಿದರೂ ಪಾಠ ಸಿಗುತ್ತೆ ಅಂತಾದರೆ ಅದು ಆಟ ಕೊಟ್ಟ ಪಾಠ ಅಲ್ಲ, ನಾವೇ ಹುಡುಕಿಕೊಂಡಿದ್ದು.

ಈ ಆಕ್ಷೇಪಕ್ಕೆ ಕಿರಿಯಳಲ್ಲಿ ಕೂಡಲೇ ಉತ್ತರವಿರಲಿಲ್ಲ. ಅವಳು ಕೋರ್ಟಿನ ಬೇಲಿಗೆ ಹೊಂದಿಸಿದ್ದ ಪ್ಯಾಡಲ್ ಸ್ಟ್ಯಾಂಡ್ ತೋರಿಸಿದಳು. ಸಾರ್ವಜನಿಕ ಕೋರ್ಟುಗಳಲ್ಲಿ ಬಂದವರು ತಮ್ಮ ಪ್ಯಾಡಲನ್ನು ಸಾಲಿನಲ್ಲಿಟ್ಟು ಕಾಯುತ್ತಾರೆ. ಒಂದು ಆಟ ಮುಗಿದ ಕೂಡಲೇ ಸಾಲಿನ ಮುಂದಿನ ನಾಲ್ಕು ಪ್ಯಾಡಲ್‌ಗಳವರು ಒಳಗೆ. ಹದಿನೇಳರ ಹುಡುಗ, ಎಪ್ಪತ್ತರ ಅಜ್ಜಿ, ಇಂಗ್ಲಿಷ್ ಬಾರದ ಅಪ್ಪ, ಕಂಪನಿಯ ಉಪಾಧ್ಯಕ್ಷೆ, ಯಾರು ಯಾರ ಜತೆಗೆ ಬೀಳುತ್ತಾರೆಂದು ಸಾಲು ನಿರ್ಧರಿಸುತ್ತದೆ. ಮಕ್ಕಳ ಮನೆಗೆಂದು ಭಾರತದಿಂದ ಹೋಗಿ ತಿಂಗಳುಗಟ್ಟಲೆ ಇರುವ ಹಿರಿಯರಿಗೆ ಪರಿಚಯಗಳನ್ನು ಕೊಟ್ಟಿರುವುದು ಈ ಸಾಲೇ.

ಕಿರಿಯಳು: ಇಲ್ಲಿ ಜತೆಗಾರರನ್ನು ನಾವು ಆರಿಸಲ್ಲ. ಸಿಕ್ಕವರ ಜತೆ ಹನ್ನೊಂದು ಪಾಯಿಂಟ್ ಆಡಬೇಕು. ಅವರ ಹೆಸರು ಕೇಳಬೇಕು, ಎಡಗೈಯವರೋ ಬಲಗೈಯವರೋ ನೋಡಬೇಕು, ಹೆದರಿದ್ದರೆ ಒಂದು ಒಳ್ಳೆಯ ಮಾತು ಆಡಬೇಕು. ಹತ್ತು ನಿಮಿಷದ ತಂಡ. ಇಂಥ ತಂಡವನ್ನು ಬೆಳಗಿಡೀ ಕಟ್ಟುತ್ತಾ ಹೋಗಬೇಕು.

ಹಿರಿಯರು: ಸಾಲು ನೋಡಿ ನನಗೂ ಸಂತೋಷವಾಯಿತು. ಆದರೆ ಅಲ್ಲಿ ದೊಡ್ಡವರನ್ನೂ ಚಿಕ್ಕವರನ್ನೂ ಸಮ ಮಾಡಿದ್ದು ಯಾರ ಒಳ್ಳೆಯತನವೂ ಅಲ್ಲ, ಆ ಸ್ಟ್ಯಾಂಡು. ಪದ್ಧತಿ ಸರಿಯಾಗಿದ್ದರೆ ಸಾಧಾರಣ ಮನುಷ್ಯರೂ ನ್ಯಾಯವಾಗಿ ನಡೀತಾರೆ. ಅನುಮಾನದ ನಿಯಮವೂ ಹಾಗೇ, ಕಿಚನ್ನೂ ಹಾಗೇ. ನಾನಾಗಿದ್ದರೆ ನಾಯಕರನ್ನು ಬೆಳೆಸೋ ಮಾತು ಬಿಟ್ಟು, ಈ ಪದ್ಧತಿಗಳನ್ನು ಆಫೀಸಿಗೆ ಹೇಗೆ ತರಬಹುದು ಅಂತ ನೋಡ್ತಿದ್ದೆ.

ಕಿರಿಯಳು: ಪದ್ಧತಿಯನ್ನು ತರೋಕೂ ಒಬ್ಬರು ಬೇಕಲ್ಲ ದೊಡ್ಡಪ್ಪ. ಸ್ಟ್ಯಾಂಡನ್ನು ಯಾರೋ ಒಬ್ಬರು ತಂದು ಹಾಕಿದರು. ಚೆನ್ನಾಗಿ ಆಡುವ ನಾಲ್ವರು ತಾವೇ ಒಂದು ಕೋರ್ಟು ಹಿಡಿದು ಕೂತಾಗ, 'ಸಾಲಿಗೆ ಬನ್ನಿ' ಅಂತ ಹೇಳೋಕೆ ಯಾರಿಗೋ ಧೈರ್ಯ ಬೇಕಾಗುತ್ತೆ.

ಹಿರಿಯರು: ಬೇಲಿಯ ಆಚೆಯವರ ಮಾತು ಬಂದಾಗಲೂ ಆ ಧೈರ್ಯ ಬೇಕು. ಗಟ್ಟಿ ಪ್ಯಾಡಲ್‌ಗೆ ಗಟ್ಟಿ ಪ್ಲಾಸ್ಟಿಕ್ ಬಡಿಯೋ ಟಕ್ ಟಕ್ ಸದ್ದು ಬೆಳಿಗ್ಗೆಯಿಂದ ನಿಂತಿಲ್ಲ. ಆ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದವರು ಇದ್ದರೆ?

ಅಮೆರಿಕದ ಹಲವು ಊರುಗಳಲ್ಲಿ ಈ ಸದ್ದಿನ ಮೇಲೆ ದೂರುಗಳು, ಮೊಕದ್ದಮೆಗಳು ನಡೆದಿವೆ. ಕೆಲವು ಕಡೆ ಆಟದ ಹೊತ್ತಿಗೆ ಮಿತಿ ಹಾಕಿದ್ದಾರೆ, ಕೆಲವು ಕೋರ್ಟುಗಳನ್ನು ಮುಚ್ಚಿದ್ದಾರೆ. ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಕೋರ್ಟು ಹಿಡಿಸುವುದರಿಂದ ಟೆನಿಸ್ ಆಡುವವರಿಗೂ ಇವರಿಗೂ ಜಾಗದ ಜಗಳವಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿರುವ ಈ ಆಟಕ್ಕೆ ಅಲ್ಲೂ ಸುತ್ತ ಗೋಡೆ, ಮೇಲೆ ಕಿಟಕಿಗಳಿವೆ.

ಹಿರಿಯರು: ಒಳಗಿನ ನಾಲ್ವರು ಪರಸ್ಪರ ಎಷ್ಟೇ ನ್ಯಾಯವಾಗಿರಲಿ, ಆಚೆಯವನು ಅವರ ಲೆಕ್ಕದಲ್ಲಿಲ್ಲ. ಅನುಮಾನದ ಲಾಭ ಅವನಿಗೆ ಯಾರು ಕೊಡ್ತಾರೆ? ಕಾರ್ಖಾನೆಯಲ್ಲೂ ನಾನು ಕಂಡದ್ದು ಇದನ್ನೇ. ತಂಡದೊಳಗೆ ಒಳ್ಳೆಯವನಾಗಿರೋದು ಕಲಿಯಬಹುದು. ತಂಡದಲ್ಲಿ ಇಲ್ಲದವನ ಕಷ್ಟ ಕಾಣೋದು ಆಟದಿಂದ ಬರಲ್ಲ.

ಕಿರಿಯಳು: ಇದಕ್ಕೆ ಆಟದ ಪುಸ್ತಕದಲ್ಲಿ ಉತ್ತರ ಇಲ್ಲ, ಒಪ್ತೀನಿ. ಆಡುವವರು ಅಕ್ಕಪಕ್ಕದವರ ಜತೆ ಕೂತು ಹೊತ್ತು ಗೊತ್ತುಮಾಡಿಕೊಂಡ ಕಡೆಗಳೂ ಇವೆ. ಆದರೆ ಅದು ಆಟ ಕಲಿಸಿದ್ದಲ್ಲ, ನೆರೆಹೊರೆ ಕಲಿಸಿದ್ದು.

ಹಿರಿಯರು: ಮುಂದಿನ ತಿಂಗಳು ನಿಮ್ಮ ಆಫೀಸಿನ ಪಂದ್ಯ ಇದೆಯಲ್ಲ, ಒಂದು ಕೆಲಸ ಮಾಡು. ಮ್ಯಾನೇಜರುಗಳನ್ನು ಅವರ ಕೈಕೆಳಗಿನವರ ಎದುರಿಗೂ ಹಾಕಬೇಡ, ಜತೆಗೂ ಹಾಕಬೇಡ. ಬೇರೆ ವಿಭಾಗದವರ ಜತೆ ಆಡಲಿ. ಆಗ ಹುಡುಗರು ಕೂಗ್ತಾರೆ.

ಕಿರಿಯಳು: ಅದು ಮಾಡಬಹುದು. ಹೆಸರುಗಳನ್ನು ಚೀಟಿ ಎತ್ತಿ ಜೋಡಿ ಮಾಡಿದರೂ ಆ ಒಂದು ಷರತ್ತು ಇಟ್ಟುಕೊಳ್ತೀನಿ. ಆದರೆ ಅದರಿಂದ ಏನಾದರೂ ಬದಲಾಯಿತಾ ಅಂತ ಗೊತ್ತಾಗೋದು ಹೇಗೆ?

ಹಿರಿಯರು: ಪಂದ್ಯಕ್ಕೆ ಮುಂಚಿನ ಮೂರು ತಿಂಗಳ ಮೀಟಿಂಗ್ ನಡಾವಳಿ ತೆಗೆದು ನೋಡು. ಆಮೇಲಿನ ಮೂರು ತಿಂಗಳದ್ದೂ ನೋಡು. ಯಾರೂ ಕೇಳದೆ 'ಇದು ನನ್ನ ತಪ್ಪು' ಅಂತ ಎಷ್ಟು ಜನ ಹೇಳಿದರು, ಅದರಲ್ಲಿ ಮ್ಯಾನೇಜರುಗಳು ಎಷ್ಟು ಅಂತ ಎಣಿಸು.

ಕಿರಿಯಳು: ನಡಾವಳಿಯಲ್ಲಿ ಅದನ್ನೆಲ್ಲ ಬರೆಯಲ್ಲ. ತೀರ್ಮಾನ ಮಾತ್ರ ಬರೀತಾರೆ.

ಹಿರಿಯರು: ಹಾಗಾದರೆ ಬರೆಯೋ ಪದ್ಧತಿ ಶುರು ಮಾಡು.

ಕಿರಿಯಳು: ಬರೆಯೋಕೆ ಶುರು ಮಾಡಿದರೆ ನಿಮ್ಮ ಸೂಪರ್‌ವೈಸರ್‌ಗೆ ಆದದ್ದೇ ಇವರಿಗೂ ಆಗುತ್ತಲ್ಲ ದೊಡ್ಡಪ್ಪ. ಫೈಲಿಗೆ ಹೋಗುತ್ತೆ ಅಂತ ಗೊತ್ತಾದರೆ ಈಗ ಹೇಳ್ತಿರೋ ಇಬ್ಬರು ಮೂವರೂ ಹೇಳೋದು ನಿಲ್ಲಿಸ್ತಾರೆ.

ಹಿರಿಯರು: ಹೆಸರು ಬಿಟ್ಟು ಬರಿ. ಎಷ್ಟು ಸಲ ಅಂತ ಮಾತ್ರ.

ಕಿರಿಯಳು: ಹೆಸರು ಬಿಟ್ಟರೆ ಮ್ಯಾನೇಜರುಗಳು ಎಷ್ಟು ಅಂತ ಹೇಗೆ ಎಣಿಸೋದು? ನಿಮಗೆ ಬೇಕಾದ ಲೆಕ್ಕವೇ ಅದು.

ಅಷ್ಟರಲ್ಲಿ ಸಾಲಿನಲ್ಲಿ ಅವಳ ಪ್ಯಾಡಲ್ ಮುಂದೆ ಬಂದಿತ್ತು. ಹಿರಿಯರು ಹುದ್ದೆಯ ದರ್ಜೆ ಮಾತ್ರ ಬರೆದರೆ ಹೇಗೆ ಎಂದು ಕೇಳಿದರು. ಹತ್ತು ಜನರ ತಂಡದಲ್ಲಿ ಆ ದರ್ಜೆಗೆ ಇರುವವರು ಒಬ್ಬರೇ ಎಂದು ಹೇಳಿ ಅವಳು ಕೋರ್ಟಿಗೆ ಇಳಿದಳು.